ಹೀಟರ್ ಉತ್ತರಿಸುತ್ತಿಲ್ಲ ಎಂದರೆ ಕೆಟ್ಟಿದೆ ಎಂದಲ್ಲ

ಸ್ವೀಡನ್, ಫಿನ್‌ಲೆಂಡ್, ಜರ್ಮನಿಯಂಥ ಚಳಿ ದೇಶಗಳ ಅನೇಕ ಕಾರುಗಳಲ್ಲಿ ಎಂಜಿನ್ನಿನ ಜೊತೆಗೆ ಒಂದು ಸಹಾಯಕ ಹೀಟರ್ ಇರುತ್ತದೆ. ಕಾರಿನ ಟ್ಯಾಂಕಿನಿಂದಲೇ ಇಂಧನ ಎಳೆದುಕೊಂಡು, ತನ್ನೊಳಗೇ ಉರಿಸಿ, ಆ ಶಾಖದಿಂದ ಎಂಜಿನ್ನಿನ ಕೂಲೆಂಟ್ ದ್ರವವನ್ನು ಅದು ಬಿಸಿ ಮಾಡುತ್ತದೆ. ಇಂಥ ಹೀಟರಿನ ಸಾಮರ್ಥ್ಯ ಸಾಮಾನ್ಯವಾಗಿ 5 ಕಿಲೋವಾಟ್‌ನ ಆಸುಪಾಸು. ಇಂದಿನ ಡೀಸೆಲ್ ಎಂಜಿನ್‌ಗಳು ಇಂಧನವನ್ನು ಚೆನ್ನಾಗಿ ಬಳಸಿಕೊಳ್ಳುವುದರಿಂದ ಪೋಲಾಗುವ ಶಾಖ ಕಡಿಮೆ. ಕಡು ಚಳಿಯಲ್ಲಿ ಅಷ್ಟರಿಂದಲೇ ಕಾರಿನ ಒಳಭಾಗ ಬೇಗ ಬೆಚ್ಚಗಾಗುವುದಿಲ್ಲ. ಆ ಕೊರತೆ ತುಂಬಲು ಬಂದ ಈ ಸಾಧನದಲ್ಲಿ ಇಂಧನ ಹೊತ್ತಿಸುವ ಗ್ಲೋ ಪಿನ್, ಗಾಳಿ ಊದುವ ಫ್ಯಾನ್, ತಾಪ ಅಳೆಯುವ ಸೆನ್ಸರ್‌ಗಳು, ಇವೆಲ್ಲವನ್ನೂ ನಡೆಸುವ ಚಿಕ್ಕ ಕಂಪ್ಯೂಟರ್ ಇವೆ. ಯಾವಾಗ ಹೊತ್ತಿಕೊಳ್ಳಬೇಕು, ಯಾವಾಗ ಆರಬೇಕು ಎಂಬ ಆಜ್ಞೆ ಆ ಕಂಪ್ಯೂಟರಿಗೆ ಕಾರಿನ ಇತರ ಕಂಪ್ಯೂಟರುಗಳಿಂದ ತಂತಿಯ ಮೂಲಕ ಬರುತ್ತದೆ. ಈ ಮಾತುಕತೆ ಕಡಿದುಹೋದರೆ ಗ್ಯಾರೇಜಿನ ಸ್ಕ್ಯಾನರ್ ‘ಹೀಟರಿನೊಂದಿಗೆ ಸಂಪರ್ಕವಿಲ್ಲ’ ಎಂಬ ಕೋಡ್ ತೋರಿಸುತ್ತದೆ. ಆ ಒಂದು ಸಾಲನ್ನು ನಂಬಿ ಇಡೀ ಹೀಟರನ್ನೇ ಬದಲಿಸುವುದು ಅವಸರದ ತೀರ್ಮಾನ. ಸಂಪರ್ಕ ಹೋಗಿದೆ ಎಂಬುದಷ್ಟೇ ಆ ಕೋಡಿನ ಅರ್ಥ. ತಪ್ಪು ಯಾರದು ಎಂಬುದನ್ನು ಅದು ಹೇಳುವುದಿಲ್ಲ.

ಕೋಡ್ ಹುಟ್ಟುವ ಬಗೆಯನ್ನು ನೋಡಿದರೆ ಇದು ಸ್ಪಷ್ಟವಾಗುತ್ತದೆ. ಕಾರಿನ ದೋಷ ಸಂಕೇತಗಳಲ್ಲಿ ‘ಪಿ’ ಎಂದು ಆರಂಭವಾಗುವವು ಎಂಜಿನ್ ಮತ್ತು ಗೇರಿಗೆ, ‘ಯು’ ಎಂದು ಆರಂಭವಾಗುವವು ಕಂಪ್ಯೂಟರುಗಳ ನಡುವಿನ ಸಂಪರ್ಕಕ್ಕೆ ಸೇರಿದವು. ಹೀಟರಿನಿಂದ ನಿಯಮಿತವಾಗಿ ಬರಬೇಕಾದ ಸಂದೇಶ ಗೊತ್ತಾದ ಅವಧಿಯೊಳಗೆ ಬರದಿದ್ದರೆ, ಅದಕ್ಕಾಗಿ ಕಾದಿದ್ದ ಇನ್ನೊಂದು ಕಂಪ್ಯೂಟರ್ ಈ ‘ಯು’ ಕೋಡನ್ನು ಬರೆದಿಡುತ್ತದೆ. ಅಂದರೆ ಇದು ಹೀಟರ್ ತನ್ನ ಬಗ್ಗೆ ಹೇಳಿಕೊಂಡದ್ದಲ್ಲ, ನೆರೆಯವರು ಕೊಟ್ಟ ದೂರು. ಶಾಲೆಯ ಹಾಜರಿ ಪುಸ್ತಕದಲ್ಲಿ ಗೈರುಹಾಜರಿಯ ಗುರುತು ಇರುತ್ತದೆಯೇ ಹೊರತು ಹುಡುಗನಿಗೆ ಜ್ವರವೋ, ಬಸ್ಸು ತಪ್ಪಿತೋ ಎಂಬುದು ಇರುವುದಿಲ್ಲ. ಹೀಟರಿಗೆ ಕರೆಂಟೇ ತಲುಪದಿರಬಹುದು, ಅರ್ಥ್ ಸಡಿಲಗೊಂಡಿರಬಹುದು, ಸಂದೇಶದ ತಂತಿ ತುಂಡಾಗಿರಬಹುದು, ಕನೆಕ್ಟರಿಗೆ ನೀರು ಇಳಿದಿರಬಹುದು. ಕಂಪ್ಯೂಟರ್ ತಾನಾಗಿಯೇ ಹಿಂದೆ ಸರಿದಿರುವ ಸಾಧ್ಯತೆಯೂ ಉಂಟು. ಬಾಷ್ ಕಂಪನಿ 1986ರಲ್ಲಿ ಜಗತ್ತಿನ ಮುಂದಿಟ್ಟ ‘ಕ್ಯಾನ್’ ಸಂಪರ್ಕ ವ್ಯವಸ್ಥೆಯಲ್ಲಿ ಪ್ರತಿ ಘಟಕವೂ ತನ್ನ ತಪ್ಪುಗಳ ಲೆಕ್ಕ ಇಟ್ಟುಕೊಳ್ಳುತ್ತದೆ. ಕಳುಹಿಸಿದ ಸಂದೇಶ ಕೆಟ್ಟಾಗ ಸಾಮಾನ್ಯವಾಗಿ 8 ಅಂಕ ಏರುತ್ತದೆ, ಸರಿಯಾಗಿ ಹೋದಾಗ 1 ಇಳಿಯುತ್ತದೆ. ಅಂಕ 255 ದಾಟಿದರೆ ಉಳಿದವರ ಮಾತಿಗೆ ಅಡ್ಡಿಯಾಗದಂತೆ ಆ ಘಟಕ ಸಂದೇಶ ಕಳುಹಿಸುವುದನ್ನೇ ನಿಲ್ಲಿಸುತ್ತದೆ. ಹಾಳಾದ ತಂತಿಯಿಂದಾಗಿ ಆರೋಗ್ಯವಂತ ಕಂಪ್ಯೂಟರೇ ಹೀಗೆ ಮೌನಕ್ಕೆ ಜಾರಬಹುದು.

ತಂತಿಯ ಸ್ಥಿತಿ ತಿಳಿಯಲು ಊಹೆ ಬೇಕಿಲ್ಲ, ಮಲ್ಟಿಮೀಟರ್ ಸಾಕು. ವೇಗದ ಕ್ಯಾನ್ ಜಾಲದಲ್ಲಿ ಹೆಣೆದ ಎರಡು ತಂತಿಗಳಿರುತ್ತವೆ. ಯಾರೂ ಮಾತಾಡದಿದ್ದಾಗ ಎರಡರಲ್ಲೂ ಸುಮಾರು 2.5 ವೋಲ್ಟ್ ಇರುತ್ತದೆ. ಸಂದೇಶ ಹೊರಟಾಗ ಒಂದು 3.5ರತ್ತ ಏರಿದರೆ ಇನ್ನೊಂದು 1.5ರತ್ತ ಇಳಿಯುತ್ತದೆ. ಜಾಲದ ಎರಡೂ ತುದಿಗಳಲ್ಲಿ 120 ಓಮ್‌ನ ಒಂದೊಂದು ರೋಧಕ ಇರುವುದರಿಂದ, ಬ್ಯಾಟರಿ ಕಳಚಿ ಎರಡು ತಂತಿಗಳ ನಡುವೆ ಅಳೆದರೆ 60 ಓಮ್ ಬರಬೇಕು. 120 ಬಂದರೆ ಒಂದು ತುದಿ ಕಡಿದಿದೆ. ಸೊನ್ನೆಯ ಹತ್ತಿರ ಬಂದರೆ ತಂತಿಗಳು ಒಂದಕ್ಕೊಂದು ತಾಗಿವೆ. ಈ ಎರಡು ಸ್ಥಿತಿಗಳಿಗೆ ಹೊಸ ಹೀಟರ್ ಮದ್ದಲ್ಲ. ಆದರೆ 60 ಬಂದಿತೆಂದು ನಿಶ್ಚಿಂತರಾಗುವಂತೆಯೂ ಇಲ್ಲ. ಜಾಲದ ಮುಖ್ಯ ತಂತಿ ನೆಟ್ಟಗಿದ್ದು, ಹೀಟರಿಗೆ ಹೋಗುವ ಕವಲು ಮಾತ್ರ ತುಂಡಾಗಿದ್ದರೂ 60 ಓಮೇ ಕಾಣುತ್ತದೆ. ಆದ್ದರಿಂದ ಹೀಟರಿನ ಕನೆಕ್ಟರಿನಲ್ಲೇ ಅಳೆಯಬೇಕು.

ಇದಕ್ಕಿಂತ ಸುಲಭವಾಗಿ ಕಣ್ತಪ್ಪಿಸುವುದು ಅರ್ಥ್‌ನ ದೋಷ. ಹೀಟರಿನ ಅರ್ಥ್ ತಂತಿ ಕಾರಿನ ಬಾಡಿಗೆ ಸೇರುವಲ್ಲಿ ತುಕ್ಕು ಹಿಡಿದು ಅರ್ಧ ಓಮ್‌ನಷ್ಟು ತಡೆ ಹುಟ್ಟಿದೆ ಎಂದಿಟ್ಟುಕೊಳ್ಳಿ. ಹೀಟರ್ ಸುಮ್ಮನಿದ್ದಾಗ ಮೀಟರ್ ಇಟ್ಟರೆ ಪೂರ್ತಿ 12 ವೋಲ್ಟ್ ತೋರುತ್ತದೆ, ಏಕೆಂದರೆ ಮೀಟರ್ ಎಳೆಯುವ ಕರೆಂಟ್ ಇಲ್ಲವೆನ್ನುವಷ್ಟು ಕಡಿಮೆ. ಗ್ಲೋ ಪಿನ್ ಕಾಯಲು ಆರಂಭಿಸಿ 10 ಆಂಪಿಯರ್ ಹರಿದರೆ, ಓಮ್‌ನ ನಿಯಮದಂತೆ ಆ ತುಕ್ಕಿನಲ್ಲೇ 5 ವೋಲ್ಟ್ ಕಳೆದುಹೋಗುತ್ತದೆ. ಹೀಟರಿಗೆ ಉಳಿಯುವುದು 7. ಕಂಪ್ಯೂಟರ್ ಕೆಲಸ ನಿಲ್ಲಿಸಲು ಅಷ್ಟೇ ಸಾಕಾಗಬಹುದು. ಕೆಲವು ಕಾರುಗಳಲ್ಲಿ ಹೀಟರಿನೊಂದಿಗೆ ಮಾತು ನಡೆಯುವುದು ‘ಲಿನ್’ ಎಂಬ ಒಂಟಿ ತಂತಿಯ ಮೂಲಕ. ಅಲ್ಲಿ ತೊಂದರೆ ಇನ್ನೂ ಹೆಚ್ಚು. ಈ ತಂತಿಯ ವೋಲ್ಟೇಜನ್ನು ಅರ್ಥ್‌ನ ಮಟ್ಟಕ್ಕೆ ಎಳೆದೇ ಸಂದೇಶ ಕಳುಹಿಸಬೇಕು, ಕೇಳುವ ಘಟಕ ಅದನ್ನು ಗುರುತಿಸಬೇಕಾದರೆ ವೋಲ್ಟೇಜ್ ಬ್ಯಾಟರಿಯ ಶೇ. 40ಕ್ಕಿಂತ, ಅಂದರೆ 4.8 ವೋಲ್ಟಿಗಿಂತ ಕೆಳಗಿಳಿಯಬೇಕು. ಹೀಟರಿನ ಅರ್ಥೇ 5 ವೋಲ್ಟ್ ಮೇಲೆದ್ದು ಕೂತಿದ್ದರೆ ಅದು ಎಷ್ಟು ಎಳೆದರೂ ಆ ಗೆರೆ ಮುಟ್ಟುವುದಿಲ್ಲ. ಹೀಟರ್ ಮಾತಾಡುತ್ತಲೇ ಇರುತ್ತದೆ, ಅತ್ತ ಯಾರಿಗೂ ಕೇಳಿಸುವುದಿಲ್ಲ. ಹಾಗಾಗಿ ಕರೆಂಟ್ ಮತ್ತು ಅರ್ಥ್ ಎರಡನ್ನೂ ಹೀಟರಿನ ಮೇಲೆ ಹೊರೆ ಬಿದ್ದಿರುವಾಗಲೇ ಅಳೆಯುವುದು ಪರೀಕ್ಷೆಯ ಮೊದಲ ಹೆಜ್ಜೆಯಾಗಬೇಕು.

ಹೀಟರ್ ಬದಲಿಸಿದ ಮೇಲೆ ಎಲ್ಲ ಸರಿಹೋಯಿತಲ್ಲ, ಅದೇ ಸಾಕ್ಷಿಯಲ್ಲವೇ ಎಂದು ಕೇಳಬಹುದು. ಅಲ್ಲ. ಬದಲಿಸುವಾಗ ಕನೆಕ್ಟರನ್ನು ಬಿಚ್ಚಿ ಮತ್ತೆ ಸಿಕ್ಕಿಸುತ್ತಾರೆ, ಅರ್ಥ್ ಬೋಲ್ಟನ್ನು ಸಡಿಲಿಸಿ ಬಿಗಿಯುತ್ತಾರೆ, ಬ್ಯಾಟರಿ ಕಳಚುತ್ತಾರೆ. ತುಕ್ಕಿನ ಪದರ ಉಜ್ಜಿಹೋಗಲು, ಮೌನಕ್ಕೆ ಜಾರಿದ್ದ ಘಟಕ ಮತ್ತೆ ಮಾತಾಡಲು ಇಷ್ಟೇ ಸಾಕು. ಹಳೆಯ ಹೀಟರನ್ನೇ ಮತ್ತೆ ಜೋಡಿಸಿ ನೋಡದ ಹೊರತು ಅದೇ ಕೆಟ್ಟಿತ್ತೆಂದು ಹೇಳಲಾಗದು. ಅಳೆಯುತ್ತ ಕೂತರೆ ಕೂಲಿ ಏರುತ್ತದೆ ಎಂಬುದು ಇನ್ನೊಂದು ಆಕ್ಷೇಪ. ಅದರಲ್ಲಿ ಸತ್ಯವಿದೆ; ಹೀಟರ್ ಇರುವ ಮೂಲೆಗೆ ಕೈ ತಲುಪುವುದೇ ಕಷ್ಟವಾದ ಕಾರುಗಳಿವೆ. ಆದರೆ ಬಿಡಿಭಾಗ ಬದಲಿಸುವುದಕ್ಕೂ ಅದೇ ಮೂಲೆಗೆ ಕೈ ಹಾಕಬೇಕು. ಅಷ್ಟು ಬಿಚ್ಚಿದ ಮೇಲೆ ಅಳತೆಗೆ ತಗಲುವ ಹೊತ್ತು ಸ್ವಲ್ಪವೇ. ಕಂಪ್ಯೂಟರುಗಳು ಕೆಡುವುದೇ ಇಲ್ಲವೇ ಎಂದರೆ, ಕೆಡುತ್ತವೆ. ನೀರು, ಶಾಖ, ಅಲುಗಾಟಗಳು ಅವನ್ನು ಕೊಲ್ಲುತ್ತವೆ. ಹೊರೆಯಲ್ಲೂ ಕರೆಂಟ್ ಕುಸಿಯದೆ, ಅರ್ಥ್ ಗಟ್ಟಿಯಾಗಿದ್ದು, ಸಂದೇಶದ ತಂತಿ ಸರಿಯಿದ್ದು, ಆಗಲೂ ಹೀಟರ್ ಉತ್ತರಿಸದಿದ್ದರೆ ಅದನ್ನು ಬದಲಿಸುವುದೇ ನ್ಯಾಯ.

ಕರ್ನಾಟಕದ ಕಾರುಗಳಿಗೆ ಈ ಹೀಟರಿನ ಅಗತ್ಯವಿಲ್ಲ. ಆದರೆ ಅದೇ ಕ್ಯಾನ್ ಜಾಲ, ಅದೇ ‘ಯು’ ಕೋಡುಗಳು ನಮ್ಮ ರಸ್ತೆಗಳ ಇಂದಿನ ಕಾರುಗಳಲ್ಲೂ ಇವೆ. ಕರಾವಳಿಯ ಉಪ್ಪುಗಾಳಿಗೆ ಅರ್ಥ್ ಬೋಲ್ಟುಗಳು ತುಕ್ಕು ಹಿಡಿಯುವುದು ಇಲ್ಲೂ ತಪ್ಪಿದ್ದಲ್ಲ. ನಿಮ್ಮ ಕಾರಿನ ಯಾವುದೇ ಘಟಕ ‘ಸಂಪರ್ಕಕ್ಕೆ ಸಿಗುತ್ತಿಲ್ಲ’ ಎಂದು ಗ್ಯಾರೇಜಿನವರು ಹೇಳಿದರೆ, ಹೊಸದಕ್ಕೆ ಒಪ್ಪಿಗೆ ಕೊಡುವ ಮೊದಲು ಹೊರೆಯಲ್ಲಿ ಎಷ್ಟು ವೋಲ್ಟ್ ಬಂತು, ಅರ್ಥ್‌ನಲ್ಲಿ ಎಷ್ಟು ಕಳೆಯಿತು, ತಂತಿಗಳ ನಡುವೆ ಎಷ್ಟು ಓಮ್ ಇತ್ತು ಎಂದು ಕೇಳಿ. ಈ ಮೂರು ಅಂಕಿಗಳನ್ನು ಬರೆದು ಕೊಡುವವರ ಕೈಗೆ ಕಾರನ್ನು ಒಪ್ಪಿಸಿ.