ಸಾಫ್ಟ್‌ವೇರ್ ಸಲಹೆಗಾರ ಮತ್ತು ಗ್ರಾಹಕ: ವರ್ಷಗಟ್ಟಲೆ ನಡೆಯುವ ವ್ಯವಹಾರ

ಕಲಬುರಗಿಯಿಂದ ಆಳಂದದ ಕಡೆಗೆ ಹೋಗುವ ಮಾರ್ಗದಲ್ಲಿ ತೊಗರಿಯ ಹೊಲಗಳ ನಡುವೆ ಕಡಗಂಚಿ ಗ್ರಾಮವಿದೆ. 2009ರ ಕೇಂದ್ರೀಯ ವಿಶ್ವವಿದ್ಯಾಲಯಗಳ ಅಧಿನಿಯಮದನ್ವಯ ಸ್ಥಾಪಿತವಾದ ಕರ್ನಾಟಕ ಕೇಂದ್ರೀಯ ವಿಶ್ವವಿದ್ಯಾಲಯದ ಆವರಣವಿರುವುದು ಇಲ್ಲಿಯೇ. ಒಂದೆಡೆ 2019ರಲ್ಲಿ ಭೌಗೋಳಿಕ ಸೂಚಕ ಮಾನ್ಯತೆ ಪಡೆದ ನಮ್ಮ ತೊಗರಿ, ಮತ್ತೊಂದೆಡೆ ಗಣಕ ವಿಜ್ಞಾನ ಕಲಿತು ಹೊರಬರುವ ಯುವಜನರು. ಇವೆರಡೂ ಒಂದೇ ಊರಿನ ಮಣ್ಣಿನಲ್ಲಿದ್ದರೂ ಅವುಗಳ ನಡುವಿನ ವ್ಯವಹಾರ ಇನ್ನೂ ಗಟ್ಟಿಯಾಗಿ ಕುದುರಿಲ್ಲ. ಬೇಳೆ ಗಿರಣಿಯ ಮಾಲೀಕರು ತಂತ್ರಾಂಶವನ್ನು ಯಂತ್ರದ ಬಿಡಿಭಾಗದಂತೆ ಒಮ್ಮೆ ಕೊಂಡರೆ ಮುಗಿಯಿತೆಂದು ಭಾವಿಸುತ್ತಾರೆ. ಸಲಹೆಗಾರರು ಒಮ್ಮೆ ಅಳವಡಿಸಿ ಹಣ ಪಡೆದರೆ ಮುಗಿಯಿತೆಂದು ಭಾವಿಸುತ್ತಾರೆ. ಎರಡೂ ಎಣಿಕೆಗಳು ತಪ್ಪು. ಸಾಫ್ಟ್‌ವೇರ್ ಸಲಹೆ ಎಂಬುದು ಸರಕಿನ ಮಾರಾಟವಲ್ಲ, ಅಡತಿ ಅಂಗಡಿ ಮತ್ತು ರೈತನ ನಡುವಿನ ಖಾತೆಯಂತೆ ವರ್ಷದಿಂದ ವರ್ಷಕ್ಕೆ ಮುಂದುವರಿಯುವ ಸಂಬಂಧ. ಆ ಸಂಬಂಧದ ಷರತ್ತುಗಳನ್ನು ಆರಂಭದಲ್ಲಿಯೇ ಬರೆದುಕೊಳ್ಳದವರು ಕೊನೆಗೆ ನಷ್ಟ ಅನುಭವಿಸುತ್ತಾರೆ.

ಕೆಲಸದ ಸ್ವರೂಪ

ದೀರ್ಘಾವಧಿಯ ಯೋಜನೆಯಲ್ಲಿ ಸಲಹೆಗಾರನ ಮೊದಲ ಕೆಲಸ ತಂತ್ರಾಂಶ ಬರೆಯುವುದಲ್ಲ, ಗ್ರಾಹಕನ ಉದ್ಯೋಗವನ್ನು ಅರಿಯುವುದು. ನಮ್ಮ ಬೇಳೆ ಗಿರಣಿಯನ್ನೇ ತೆಗೆದುಕೊಳ್ಳೋಣ. ತೊಗರಿಯನ್ನು ಸ್ವಚ್ಛಗೊಳಿಸಿ, ಎಣ್ಣೆ ಸವರಿ, ರಾಶಿ ಹಾಕಿ, ನೀರು ಚಿಮುಕಿಸಿ, ಬಿಸಿಲಿಗೆ ಒಣಗಿಸಿ ಒಡೆಯುವಾಗ ಪ್ರತಿ ಹಂತದಲ್ಲಿಯೂ ತೂಕ ಬದಲಾಗುತ್ತದೆ. ಬೇಳೆಯ ಜೊತೆಗೆ ನುಚ್ಚು, ಹೊಟ್ಟು, ಪುಡಿ ಬರುತ್ತವೆ, ಅವುಗಳಿಗೂ ಬೆಲೆಯಿದೆ. ಮೋಡ ಕವಿದ ದಿನದ ಉತ್ಪನ್ನಕ್ಕೂ ಬಿರುಬಿಸಿಲಿನ ದಿನದ ಉತ್ಪನ್ನಕ್ಕೂ ಲೆಕ್ಕ ಒಂದೇ ಆಗಿರುವುದಿಲ್ಲ. ಒಳಬಂದ ಕ್ವಿಂಟಾಲು ಮತ್ತು ಹೊರಹೋದ ಕ್ವಿಂಟಾಲು ಸರಿಸಮನಾಗಿರಬೇಕೆಂದು ತಿಳಿದ ಸಲಹೆಗಾರನು ಬರೆದ ದಾಸ್ತಾನು ಲೆಕ್ಕ ಮೊದಲ ತಿಂಗಳಲ್ಲಿಯೇ ತಾಳೆಯಾಗದೆ ನಿಲ್ಲುತ್ತದೆ. ಆದ್ದರಿಂದ ಆತನು ಗಿರಣಿಯ ಅಂಗಳದಲ್ಲಿ ನಿಂತು ನೋಡಬೇಕು, ತೂಕದ ಚೀಟಿ ಬರೆಯುವವನೊಂದಿಗೂ ಹಮಾಲರ ಮುಖಂಡನೊಂದಿಗೂ ಮಾತನಾಡಬೇಕು. ಅನಂತರ ಕೆಲವು ತಿಂಗಳು ಹಳೆಯ ಕೀರ್ದಿ ಮತ್ತು ಹೊಸ ತಂತ್ರಾಂಶ ಎರಡನ್ನೂ ಜೊತೆಯಲ್ಲಿ ನಡೆಸಿ ತಾಳೆ ನೋಡಬೇಕು. ಈ ಅವಧಿಗೆ ಹಣವನ್ನೂ ಸಮಯವನ್ನೂ ತೆಗೆದಿರಿಸದ ಯೋಜನೆಗಳೇ ಅರ್ಧದಲ್ಲಿ ನಿಲ್ಲುವುದು ಹೆಚ್ಚು.

ಕರ್ನಾಟಕದ ಅನುಭವ

ಗ್ರಾಹಕನ ಸಮೀಪದಲ್ಲಿದ್ದು ಬೆಳೆದ ತಂತ್ರಾಂಶಕ್ಕೆ ನಮ್ಮ ವರ್ತಕರೆಲ್ಲರೂ ಬಲ್ಲ ಉದಾಹರಣೆ ಟ್ಯಾಲಿ. ಬೆಂಗಳೂರಿನ ಶ್ಯಾಮಸುಂದರ ಗೋಯೆಂಕಾ ಅವರ ಕುಟುಂಬವು ಕಾರ್ಖಾನೆಗಳಿಗೂ ಬಟ್ಟೆ ಗಿರಣಿಗಳಿಗೂ ಕಚ್ಚಾವಸ್ತು ಮತ್ತು ಬಿಡಿಭಾಗಗಳನ್ನು ಪೂರೈಸುತ್ತಿತ್ತು. ಲೆಕ್ಕಪತ್ರಕ್ಕೆ ಒಗ್ಗುವ ತಂತ್ರಾಂಶ ದೊರೆಯದೆ, ಗಣಿತ ಓದಿದ್ದ ಮಗ ಭರತ್ ಅವರಿಗೆ ತಂದೆಯೇ ಆ ಕೆಲಸ ವಹಿಸಿದರು. 1986ರಲ್ಲಿ ಆರಂಭವಾದ ಆ ಸಂಸ್ಥೆಯಲ್ಲಿ ಮೊದಲ ಗ್ರಾಹಕ ವ್ಯಾಪಾರಿಯೇ ಆಗಿದ್ದುದರಿಂದ ವ್ಯಾಪಾರಿಯ ಭಾಷೆ ತಂತ್ರಾಂಶದೊಳಕ್ಕೆ ಇಳಿಯಿತು.

ಇನ್ಫೋಸಿಸ್ ಸಂಸ್ಥೆಯ ಇತಿಹಾಸವೂ ಇದನ್ನೇ ಹೇಳುತ್ತದೆ. 1981ರಲ್ಲಿ ಪುಣೆಯಲ್ಲಿ ಹುಟ್ಟಿದ ಈ ಸಂಸ್ಥೆ 1983ರಲ್ಲಿ ಬೆಂಗಳೂರಿಗೆ ಬಂದುದಕ್ಕೆ ಮೈಕೋ ಎಂದೇ ಪರಿಚಿತವಾಗಿದ್ದ ಮೋಟಾರ್ ಇಂಡಸ್ಟ್ರೀಸ್ ಕಂಪನಿಯ ಕೆಲಸ ಕಾರಣವಾಯಿತು. ಗ್ರಾಹಕನಿದ್ದ ಊರಿಗೆ ಸಲಹೆಗಾರನು ಬಂದನು. ಆದರೆ ಈ ಸಾಮೀಪ್ಯ ಅವಲಂಬನೆಯಾಗಬಾರದೆಂಬ ಪಾಠವನ್ನೂ ಅದೇ ಸಂಸ್ಥೆ ಕಲಿಯಿತು. 1995ರಲ್ಲಿ ಅದರ ಆದಾಯದ ಸುಮಾರು ಕಾಲುಭಾಗ ಅಮೆರಿಕದ ಜನರಲ್ ಎಲೆಕ್ಟ್ರಿಕ್ ಕಂಪನಿಯಿಂದ ಬರುತ್ತಿತ್ತು. ಆ ಕಂಪನಿ ದರ ತಗ್ಗಿಸುವಂತೆ ಒತ್ತಾಯಿಸಿದಾಗ ಇನ್ಫೋಸಿಸ್ ಆ ದರಕ್ಕೆ ಒಪ್ಪದೆ ಕೆಲಸವನ್ನೇ ಬಿಟ್ಟಿತು, ಅಲ್ಲಿಂದ ಮುಂದೆ ಯಾವುದೇ ಒಬ್ಬ ಗ್ರಾಹಕನನ್ನು ಅತಿಯಾಗಿ ನೆಚ್ಚದಿರುವ ನೀತಿಯನ್ನು ಪಾಲಿಸಿತು. ಒಬ್ಬನೇ ಖರೀದಿದಾರನಿಗೆ ಸರಕು ಕಳಿಸುವ ಗಿರಣಿಗೂ, ಒಂದೇ ಗಿರಣಿಯನ್ನು ನಂಬಿದ ಸಲಹೆಗಾರನಿಗೂ ಈ ಮಾತು ಸಮಾನವಾಗಿ ಅನ್ವಯಿಸುತ್ತದೆ.

ಗ್ರಾಹಕನ ಕಡೆಯಿಂದ ನೋಡಬೇಕಾದ ಉದಾಹರಣೆ ‘ಭೂಮಿ’ ಯೋಜನೆ. ಕರ್ನಾಟಕದಲ್ಲಿ ಭೂದಾಖಲೆಗಳ ಗಣಕೀಕರಣ 1991ರಷ್ಟು ಹಿಂದೆಯೇ ಒಂದು ಜಿಲ್ಲೆಯಲ್ಲಿ ಪ್ರಾಯೋಗಿಕವಾಗಿ ಆರಂಭವಾಗಿ, 1996ರ ಹೊತ್ತಿಗೆ ಎಲ್ಲ ಜಿಲ್ಲೆಗಳಿಗೂ ಮಂಜೂರಾಗಿತ್ತು. ಆದರೂ ಫಲ ನೀಡಲಿಲ್ಲ. ಪಹಣಿ ತಿದ್ದುಪಡಿಯಾಗುತ್ತಿದ್ದುದು ತಾಲೂಕಿನಲ್ಲಿ, ಆದರೆ ತಾಲೂಕು ಮಟ್ಟದಲ್ಲಿ ಗಣಕಯಂತ್ರ ಸ್ಥಾಪಿಸಲು ಆ ಯೋಜನೆಯಲ್ಲಿ ಅವಕಾಶವಿರಲಿಲ್ಲ. ರಾಷ್ಟ್ರೀಯ ಮಾಹಿತಿ ವಿಜ್ಞಾನ ಕೇಂದ್ರದ ತಂತ್ರಾಂಶದೊಂದಿಗೆ ಸುಮಾರು 2000ದಿಂದ 2002ರ ಅವಧಿಯಲ್ಲಿ ಅನುಷ್ಠಾನಗೊಂಡ ‘ಭೂಮಿ’ ಯಂತ್ರವನ್ನು ತಾಲೂಕು ಕಚೇರಿಗೇ ಒಯ್ದಿತು. ಸುಮಾರು 67 ಲಕ್ಷ ರೈತರ 2 ಕೋಟಿಯಷ್ಟು ಪಹಣಿಗಳು ಗಣಕಕ್ಕೆ ಬಂದವು, 15 ರೂಪಾಯಿಗೆ ಪ್ರತಿ ದೊರೆಯಿತು, ಕೈಬರಹದ ಪಹಣಿಗೆ ಮಾನ್ಯತೆ ನಿಂತಿತು. ಹಳೆಯ ದಾರಿಯನ್ನು ಮುಚ್ಚದ ಹೊರತು ಹೊಸ ದಾರಿಯಲ್ಲಿ ಯಾರೂ ನಡೆಯುವುದಿಲ್ಲ ಎಂಬುದು ಇಲ್ಲಿನ ಎರಡನೆಯ ಪಾಠ. ಗಿರಣಿಯಲ್ಲಿಯೂ ಅಷ್ಟೇ: ಮಾಲೀಕರ ಕೊಠಡಿಯಲ್ಲಿ ಗಣಕಯಂತ್ರವಿದ್ದು ತೂಕದ ಕಾಂಟಾದ ಬಳಿ ಕಾಗದದ ಚೀಟಿಯೇ ಉಳಿದಿದ್ದರೆ ಹಾಕಿದ ಹಣ ವ್ಯರ್ಥ.

ಕೆಲಸ ಮುಗಿಯದಿರುವುದೇಕೆ?

ಅಳವಡಿಸಿದ ತಂತ್ರಾಂಶ ಕಾಯಿದೆ ಬದಲಾದಂತೆಲ್ಲ ಬದಲಾಗಬೇಕಾಗುತ್ತದೆ. ರಾಜ್ಯದಲ್ಲಿ 2005ರ ಏಪ್ರಿಲ್ 1ರಂದು ಮೌಲ್ಯವರ್ಧಿತ ತೆರಿಗೆ ಬಂತು. 2017ರ ಜುಲೈ 1ರಂದು ಸರಕು ಮತ್ತು ಸೇವಾ ತೆರಿಗೆ ಬಂತು, 2018ರ ಏಪ್ರಿಲ್‌ನಲ್ಲಿ ಇ-ವೇ ಬಿಲ್ ಕಡ್ಡಾಯವಾಯಿತು. ವಿದ್ಯುನ್ಮಾನ ಬೀಜಕ 2020ರಲ್ಲಿ 500 ಕೋಟಿ ರೂಪಾಯಿ ಮೀರಿದ ವಹಿವಾಟಿನವರಿಂದ ಆರಂಭವಾಗಿ 2023ರ ಆಗಸ್ಟ್ 1ರ ಹೊತ್ತಿಗೆ 5 ಕೋಟಿ ಮೀರಿದವರನ್ನೂ ಒಳಗೊಂಡಿತು. ಬೇಳೆ ವ್ಯಾಪಾರಕ್ಕೆ ನೇರವಾಗಿ ತಟ್ಟಿದುದು 2022ರ ಜುಲೈ 18ರ ಬದಲಾವಣೆ: ಅಂದಿನಿಂದ 25 ಕಿಲೋವರೆಗಿನ, ಚೀಟಿ ಅಂಟಿಸಿದ ಪೊಟ್ಟಣದ ಬೇಳೆಗೆ ಬ್ರಾಂಡ್ ಇರಲಿ ಇಲ್ಲದಿರಲಿ ಶೇ. 5ರ ತೆರಿಗೆ ಬಿತ್ತು. 30 ಕಿಲೋ ಚೀಲ ಮತ್ತು 25 ಕಿಲೋ ಚೀಲವನ್ನು ಬೇರ್ಪಡಿಸಿ ನೋಡದ ತಂತ್ರಾಂಶ ಆ ದಿನದಿಂದ ತಪ್ಪು ಬೀಜಕ ಬರೆಯಲಾರಂಭಿಸಿತು. ಇಂತಹ ದಿನ ಸಲಹೆಗಾರನು ದೂರವಾಣಿ ಎತ್ತುವನೇ, ತಿದ್ದುಪಡಿಗೆ ಎಷ್ಟು ಕೇಳುವನು ಎಂಬುದು ಒಪ್ಪಂದದಲ್ಲಿಯೇ ಇರಬೇಕಾದ ವಿಷಯ.

ಒಡೆತನದ ಪ್ರಶ್ನೆ

ನಮ್ಮ ಸದಸ್ಯರಲ್ಲಿ ಹಲವರು ಅರಿಯದ ಸಂಗತಿಯೊಂದಿದೆ. 1957ರ ಕೃತಿಸ್ವಾಮ್ಯ ಅಧಿನಿಯಮದಲ್ಲಿ ಗಣಕ ಕಾರ್ಯಕ್ರಮವನ್ನು ಸಾಹಿತ್ಯ ಕೃತಿಯೆಂದು ಪರಿಗಣಿಸಲಾಗಿದೆ. ಸಂಬಳದ ನೌಕರನು ನೌಕರಿಯ ಭಾಗವಾಗಿ ಬರೆದುದು, ಬೇರೆ ಒಪ್ಪಂದವಿಲ್ಲದಿದ್ದರೆ, ಮಾಲೀಕರಿಗೆ ಸೇರುತ್ತದೆ. ಸ್ವತಂತ್ರ ಸಲಹೆಗಾರನ ವಿಷಯ ಹಾಗಲ್ಲ. ನೀವು ಪೂರ್ಣ ಶುಲ್ಕ ಕೊಟ್ಟಿದ್ದರೂ ಲಿಖಿತ ವರ್ಗಾವಣೆಯಿಲ್ಲದಿದ್ದಲ್ಲಿ ಹಕ್ಕು ಸಾಮಾನ್ಯವಾಗಿ ಬರೆದವನಲ್ಲಿಯೇ ಉಳಿಯುತ್ತದೆ. ವರ್ಗಾವಣೆ ಪತ್ರದಲ್ಲಿ ಅವಧಿ ನಮೂದಿಸದಿದ್ದರೆ ಅದು 5 ವರ್ಷಗಳಿಗೆ ಮಾತ್ರ ಎಂದೂ, ಪ್ರದೇಶ ನಮೂದಿಸದಿದ್ದರೆ ಭಾರತಕ್ಕೆ ಮಾತ್ರ ಎಂದೂ ಕಾಯಿದೆ ಭಾವಿಸುತ್ತದೆ. ಆರನೆಯ ವರ್ಷದಲ್ಲಿ ಸಲಹೆಗಾರನನ್ನು ಬದಲಿಸಲು ಹೊರಟ ಗಿರಣಿಗೆ ಇದು ಸಣ್ಣ ವಿಷಯವಲ್ಲ.

ಒಪ್ಪಂದದಲ್ಲಿ ಇರತಕ್ಕ ಅಂಶಗಳು

1. ದತ್ತಾಂಶ ಗ್ರಾಹಕನದು. ಹಿಂದೆ ಕೀರ್ದಿ, ಖತಾವಣಿ ಬರೆಯುತ್ತಿದ್ದವನು ಮುನೀಮ, ಆದರೆ ಪುಸ್ತಕ ಇರುತ್ತಿದ್ದುದು ಮಾಲೀಕನ ತಿಜೋರಿಯಲ್ಲಿ. ಇಂದೂ ಹಾಗೆಯೇ ಇರಬೇಕು. ಸಾಮಾನ್ಯ ತಂತ್ರಾಂಶಗಳಲ್ಲಿ ತೆರೆಯಬಲ್ಲ ರೂಪದಲ್ಲಿ ಪ್ರತಿ ತಿಂಗಳೂ ಒಂದು ಪ್ರತಿ ನಿಮ್ಮ ಕೈ ಸೇರಲಿ.

2. ಮೂಲ ಸಂಕೇತ ಮತ್ತು ಮುಖ್ಯ ಗುಪ್ತಪದಗಳು ಯಾರ ಬಳಿ, ಯಾವ ಹಂತದಲ್ಲಿ ಹಸ್ತಾಂತರವಾಗಬೇಕು ಎಂಬುದು ಸ್ಪಷ್ಟವಿರಲಿ. ಒಡೆತನ ಬೇಡ, ಬಳಕೆಯ ಹಕ್ಕು ಸಾಕು ಎಂದಾದರೆ ದರವೂ ಅದಕ್ಕೆ ತಕ್ಕಂತೆ ಇಳಿಯಬೇಕು.

3. ದೋಷ ತಿದ್ದುವುದು ಬೇರೆ, ಹೊಸ ಬೇಡಿಕೆ ಬೇರೆ. ಮೊದಲನೆಯದು ವಾರ್ಷಿಕ ನಿರ್ವಹಣೆಯಲ್ಲಿ ಅಡಕ, ಎರಡನೆಯದಕ್ಕೆ ಪ್ರತ್ಯೇಕ ಲಿಖಿತ ಅಂದಾಜು. ಬಾಯಿಮಾತಿನಲ್ಲಿ ಸೇರಿಸಿದ ಬೇಡಿಕೆಗಳೇ ಜಗಳದ ಮೂಲ.

4. ಸಲಹೆಗಾರನ ಕಡೆಯಿಂದಲೂ ನಿಮ್ಮ ಕಡೆಯಿಂದಲೂ ಕನಿಷ್ಠ ಇಬ್ಬರಿಗೆ ಪೂರ್ಣ ಕೆಲಸ ತಿಳಿದಿರಲಿ. ಒಬ್ಬನೇ ಬಲ್ಲವನಾದರೆ ಅವನು ಊರು ಬಿಟ್ಟ ದಿನ ಲೆಕ್ಕವೂ ನಿಲ್ಲುತ್ತದೆ.

5. ಬಿಡುವ ದಾರಿಯನ್ನೂ ಬರೆದಿರಿ. ಎಷ್ಟು ದಿನಗಳ ಸೂಚನೆ, ಹೊಸಬರಿಗೆ ಎಷ್ಟು ದಿನಗಳ ತಿಳಿವಳಿಕೆ, ಅದಕ್ಕೆ ಶುಲ್ಕವೆಷ್ಟು ಎಂಬುದು ಸ್ನೇಹವಿರುವಾಗಲೇ ನಿರ್ಧಾರವಾಗಲಿ.

6. ಪಾವತಿಯ ದಿನ ತಪ್ಪದಿರಲಿ. ಸಲಹೆಗಾರನು ನೋಂದಾಯಿತ ಅತಿ ಸಣ್ಣ ಅಥವಾ ಸಣ್ಣ ಉದ್ಯಮಿಯಾಗಿದ್ದರೆ 2006ರ ಅಧಿನಿಯಮದಂತೆ ಒಪ್ಪಂದದಲ್ಲಿ ಏನೇ ಇದ್ದರೂ 45 ದಿನ ಮೀರುವಂತಿಲ್ಲ, ಒಪ್ಪಂದವಿಲ್ಲದಿದ್ದರೆ 15 ದಿನ. ತಡವಾದರೆ ಬ್ಯಾಂಕ್ ದರದ ಮೂರು ಪಟ್ಟು ಚಕ್ರಬಡ್ಡಿ ಬೀಳುತ್ತದೆ.

ನಮ್ಮಲ್ಲಿಯೇ ಇರುವ ಅವಕಾಶ

1958ರಲ್ಲಿ ಕಲಬುರಗಿಯಲ್ಲಿ ಆರಂಭವಾದ ಪೂಜ್ಯ ದೊಡ್ಡಪ್ಪ ಅಪ್ಪ ಇಂಜಿನಿಯರಿಂಗ್ ಕಾಲೇಜಿನಿಂದ ಮೊದಲುಗೊಂಡು ಕಡಗಂಚಿಯ ವಿಶ್ವವಿದ್ಯಾಲಯದವರೆಗೆ ಕಲಿತವರಲ್ಲಿ ಅನೇಕರು ಬೆಂಗಳೂರು, ಹೈದರಾಬಾದ್, ಪುಣೆಗಳ ರೈಲು ಹಿಡಿಯುತ್ತಾರೆ. ಅಲ್ಲಿ ಅವರು ಮಾಡುವುದೂ ಬಹುಮಟ್ಟಿಗೆ ಪರರ ದೀರ್ಘಾವಧಿ ಯೋಜನೆಗಳನ್ನೇ. ತೊಗರಿ ಒಣಗುವುದನ್ನು ಬಾಲ್ಯದಿಂದ ಕಂಡವನಿಗೆ ಗಿರಣಿಯ ಲೆಕ್ಕ ವಿವರಿಸಲು ಬೇಕಾಗುವುದು ಒಂದು ದಿನ, ಕಾಣದವನಿಗೆ ಒಂದು ತಿಂಗಳು. ಒಬ್ಬ ಗಿರಣಿ ಮಾಲೀಕನಿಗೆ ಪೂರ್ಣಾವಧಿ ಸಲಹೆಗಾರನನ್ನು ಸಾಕುವ ಶಕ್ತಿ ಇರಲಾರದು. ಆದರೆ ಒಂದೇ ಬಗೆಯ ಕೆಲಸವಿರುವ ಐದಾರು ಗಿರಣಿಗಳು ಸೇರಿ ವರ್ಷದ ಒಪ್ಪಂದ ಮಾಡಿಕೊಂಡರೆ ವೆಚ್ಚ ಹಂಚಿಹೋಗುತ್ತದೆ, ಸಲಹೆಗಾರನೂ ಒಬ್ಬನೇ ಗ್ರಾಹಕನ ಮರ್ಜಿಯಲ್ಲಿ ಬದುಕಬೇಕಾಗುವುದಿಲ್ಲ.

ಈಗಾಗಲೇ ಸಲಹೆಗಾರರನ್ನು ಇಟ್ಟುಕೊಂಡಿರುವ ಸದಸ್ಯರು ತಮ್ಮ ಒಪ್ಪಂದ ಪತ್ರವನ್ನು ಈ ತಿಂಗಳಲ್ಲಿಯೇ ಹೊರತೆಗೆದು ಮೇಲಿನ ಆರು ಅಂಶಗಳೊಂದಿಗೆ ಹೋಲಿಸಿ ನೋಡುವುದು ಒಳಿತು. ಪತ್ರವೇ ಇಲ್ಲದವರು ಮೊದಲು ದತ್ತಾಂಶದ ಪ್ರತಿಯನ್ನು ಕೇಳಿ ಪಡೆಯಲಿ, ಉಳಿದ ಮಾತುಕತೆ ಅನಂತರ.