ಗುಜರಿ ಸಾಮಾನಿಗೆ ಬಾವುಟದ ಬಣ್ಣ

ಅಂಗಳದಲ್ಲೋ ಕೊಟ್ಟಿಗೆಯ ಹಿಂದೆಯೋ ಬಿದ್ದಿರುವ ಹಳೆಯ ಸಾಮಾನಿಗೆ ಕೆಂಪು, ಬಿಳಿ, ನೀಲಿ ಬಳಿದು ರಾಷ್ಟ್ರೀಯ ಹಬ್ಬಕ್ಕೆ ಮನೆ ಮುಂದೆ ನಿಲ್ಲಿಸುವುದು ಅಮೆರಿಕದ ಊರುಗಳಲ್ಲಿ ಬೇರೂರಿರುವ ಒಂದು ಮನೆಗೆಲಸದ ಕಲೆ. ಬೇಲಿಯಿಂದ ಕಿತ್ತ ಹಲಗೆ, ಹಿಡಿ ಸಡಿಲಾದ ಸಲಿಕೆ, ತುಕ್ಕು ಹಿಡಿದ ಹಾಲಿನ ಕ್ಯಾನು, ತೂತಾದ ಬಕೆಟ್ಟು, ಸವೆದ ಟೈರು, ಸರಕಿನ ಪ್ಯಾಲೆಟ್ಟು ಎಲ್ಲಕ್ಕೂ ಇಲ್ಲಿ ಜಾಗವಿದೆ. ಮುಖ್ಯ ಹಬ್ಬ ಜುಲೈ 4ರ ಸ್ವಾತಂತ್ರ್ಯ ದಿನ. ಆದರೆ ಅಲಂಕಾರ ಹೊರಬರುವುದು ಮೇ ತಿಂಗಳ ಕೊನೆಯ ಸೋಮವಾರ, ಮಡಿದ ಯೋಧರನ್ನು ನೆನೆಯುವ ಮೆಮೋರಿಯಲ್ ಡೇಗೆ. ಜೂನ್ 14ರ ಧ್ವಜ ದಿನವನ್ನೂ ದಾಟಿ, ಸೆಪ್ಟೆಂಬರಿನ ಮೊದಲ ಸೋಮವಾರದ ಕಾರ್ಮಿಕ ದಿನದವರೆಗೆ ಹಲವರು ಅದನ್ನು ಹೊರಗೇ ಇಡುತ್ತಾರೆ.

ಈ ರೂಢಿ ಹೊಸದಲ್ಲ. ನ್ಯೂಯಾರ್ಕ್ ನಗರದ ಅಮೆರಿಕನ್ ಫೋಕ್ ಆರ್ಟ್ ಮ್ಯೂಸಿಯಂನಲ್ಲಿ ಧ್ವಜದಂತೆ ಬಣ್ಣ ಬಳಿದ ಮರದ ಗೇಟೊಂದಿದೆ. ನ್ಯೂಯಾರ್ಕ್ ರಾಜ್ಯದ ಜೆಫರ್ಸನ್ ಕೌಂಟಿಯ ಹೊಲವೊಂದರಿಂದ ಬಂದ ಈ ಗೇಟು ಸುಮಾರು 1876ರದು. ಅಂದರೆ ಸ್ವಾತಂತ್ರ್ಯ ಘೋಷಣೆಗೆ ನೂರು ತುಂಬಿದ ಕಾಲದ್ದು. ಮಾಡಿದವರ ಹೆಸರು ತಿಳಿದಿಲ್ಲ. ಅಡ್ಡಪಟ್ಟಿಗಳೇ ಧ್ವಜದ ಪಟ್ಟೆಗಳಾಗಿ, ಒಂದು ಮೂಲೆ ನಕ್ಷತ್ರಗಳ ನೀಲಿ ಚೌಕವಾಗಿದೆ. ಮುಂದೆ 1925ರಲ್ಲಿ 3ಎಂ ಕಂಪನಿಯ ರಿಚರ್ಡ್ ಡ್ರೂ ರೂಪಿಸಿದ ಮಾಸ್ಕಿಂಗ್ ಟೇಪು, 1949ರಲ್ಲಿ ಇಲಿನಾಯ್ ರಾಜ್ಯದ ಎಡ್ವರ್ಡ್ ಸೆಮೋರ್ ತಂದ ಸ್ಪ್ರೇ ಪೇಂಟಿನ ಡಬ್ಬಿ ಈ ಕೆಲಸವನ್ನು ಕೈ ಪಳಗದವರಿಗೂ ಸುಲಭ ಮಾಡಿದವು. ಇನ್ನೂರನೇ ವರ್ಷವಾದ 1976ರಲ್ಲಿ ಅನೇಕ ಊರುಗಳ ಬೀದಿಯ ಅಗ್ನಿಶಾಮಕ ನಲ್ಲಿಗಳು ಸ್ವಾತಂತ್ರ್ಯ ಸಮರದ ಸೈನಿಕರ ವೇಷ ತೊಟ್ಟವು.

ವಸ್ತುವಿನ ಆಕಾರಕ್ಕೆ ತಕ್ಕಂತೆ ಚಿತ್ರವನ್ನು ಹೊಂದಿಸುವುದರಲ್ಲಿ ಈ ಕಲೆಯ ಜಾಣ್ಮೆ ಇದೆ. ಅಮೆರಿಕದ ಧ್ವಜದಲ್ಲಿ 13 ಪಟ್ಟೆಗಳು, 50 ನಕ್ಷತ್ರಗಳು. ಅಲ್ಲಿನ ಸಾಮಾನ್ಯ ಪ್ಯಾಲೆಟ್ಟಿನ ಮೇಲ್ಭಾಗದಲ್ಲಿ ಹೆಚ್ಚಾಗಿ ಇರುವುದು 7 ಹಲಗೆ. ಹಾಗಾಗಿ ನಾಲ್ಕು ಹಲಗೆಗೆ ಕೆಂಪು, ಮೂರಕ್ಕೆ ಬಿಳಿ. ಮೇಲಿನ ಮೂರೋ ನಾಲ್ಕೋ ಹಲಗೆಗಳ ಎಡತುದಿಗೆ ನೀಲಿ. ಅದರೊಳಗೆ ಹಿಡಿಸಿದಷ್ಟು ನಕ್ಷತ್ರ. ಲೆಕ್ಕ ತಪ್ಪಿದರೂ ನೋಡಿದವರಿಗೆ ಧ್ವಜ ಎಂದು ತಿಳಿಯುತ್ತದೆ. ತುದಿ ಚೂಪಾದ ಬೇಲಿ ಹಲಗೆ ಅಮೆರಿಕದ ಸಂಕೇತಪುರುಷ ಅಂಕಲ್ ಸ್ಯಾಮ್ ಆಗುತ್ತದೆ: ಮೇಲೆ ಪಟ್ಟೆಯ ಟೋಪಿ, ನಡುವೆ ಮುಖ, ಕೆಳಗೆ ಉದ್ದನೆಯ ಬಿಳಿ ಗಡ್ಡ. ಸಲಿಕೆಯ ಅಲಗಿಗೆ ನೀಲಿ ಬಳಿದು ನಕ್ಷತ್ರ ಬಿಡಿಸಿ, ಹಿಡಿಗೆ ಪಟ್ಟೆ ಸುತ್ತುತ್ತಾರೆ. ಮೂರು ಬಣ್ಣದ ಮೂರು ಟೈರುಗಳನ್ನು ಒಂದರ ಮೇಲೊಂದಿಟ್ಟರೆ ಹೂಕುಂಡವಾಯಿತು.

ಸಾಮಾನು ಆರಿಸುವಾಗಲೇ ಎಚ್ಚರ ಬೇಕು. ಅಮೆರಿಕದಲ್ಲಿ ಮನೆಬಳಕೆಯ ಬಣ್ಣದಲ್ಲಿ ಸೀಸವನ್ನು ನಿಷೇಧಿಸಿದ್ದು 1978ರಲ್ಲಿ. ಅದಕ್ಕೂ ಹಿಂದೆ ಬಣ್ಣ ಕಂಡ ವಸ್ತುವನ್ನು ಒಣಗಿದಂತೆಯೇ ಉಜ್ಜಿದರೆ ಸೀಸದ ದೂಳು ಏಳುತ್ತದೆ. ಮಕ್ಕಳಿಗೆ ಅದು ತೀರಾ ಅಪಾಯ. ಬಣ್ಣವನ್ನು ಮೊದಲು ಪರೀಕ್ಷಿಸಬೇಕು. ಸೀಸವಿದ್ದರೆ ಆ ವಸ್ತುವನ್ನು ಬಿಟ್ಟು ಬೇರೆಯದನ್ನು ಆರಿಸುವುದೇ ಲೇಸು. 2003ರವರೆಗೆ ಮನೆಬಳಕೆಯ ಬೇಲಿ, ಜಗಲಿಗಳ ಮರಕ್ಕೆ ಗೆದ್ದಲು ಹಿಡಿಯದಂತೆ ಆರ್ಸೆನಿಕ್ ಬೆರೆತ ದ್ರಾವಣ ಉಣಿಸುತ್ತಿದ್ದರು. ಅಂಥ ಮರವನ್ನು ಉಜ್ಜಲೂ ಬಾರದು, ಸುಡಲೂ ಬಾರದು. ದೇಶದಿಂದ ದೇಶಕ್ಕೆ ಹೋಗುವ ಪ್ಯಾಲೆಟ್ಟುಗಳ ಮೇಲೆ ಮುದ್ರೆ ಇರುತ್ತದೆ: ‘ಎಚ್‌ಟಿ’ ಎಂದಿದ್ದರೆ ಬರೀ ಕಾಯಿಸಿದ ಮರ, ಬಳಸಬಹುದು; ‘ಎಂಬಿ’ ಎಂದಿದ್ದರೆ ಮೀಥೈಲ್ ಬ್ರೋಮೈಡ್ ಎಂಬ ವಿಷಾನಿಲ ಹಾಯಿಸಿದ್ದು, ಬಿಡುವುದು ಮೇಲು.

ಬಣ್ಣ ಬಾಳುವುದು ತಳದ ತಯಾರಿಯಿಂದ. ಕಬ್ಬಿಣವಾದರೆ ಎದ್ದ ತುಕ್ಕನ್ನು ತಂತಿ ಬ್ರಷ್ಷಿನಿಂದ ಕೆರೆದು, ಉಪ್ಪುಕಾಗದದಿಂದ ಉಜ್ಜಿ, ಒರೆಸಿ, ತುಕ್ಕು ತಡೆಯುವ ಪ್ರೈಮರ್ ಹಚ್ಚಬೇಕು. ಸತುವಿನ ಲೇಪವಿರುವ ಬಕೆಟ್ಟು, ನೀರುಣಿಸುವ ಕ್ಯಾನುಗಳ ಕತೆ ಬೇರೆ. ಅವಕ್ಕೆ ನೇರವಾಗಿ ಆಯಿಲ್ ಪೇಂಟ್ ಬಳಿದರೆ ಅದರ ಎಣ್ಣೆಯಂಶ ಸತುವಿನೊಂದಿಗೆ ಕೂಡಿ ಸಾಬೂನಿನಂಥ ಪದರವಾಗುತ್ತದೆ. ಕೆಲವು ತಿಂಗಳಲ್ಲೇ ಬಣ್ಣ ಸುಲಿಯುತ್ತದೆ. ಆದ್ದರಿಂದ ವಿನೆಗರಿನಲ್ಲಿ ಒರೆಸಿ, ತೊಳೆದು, ಒಣಗಿಸಿ, ನೀರಿನ ಮೂಲದ ಅಕ್ರಿಲಿಕ್ ಬಣ್ಣ ಬಳಸುತ್ತಾರೆ. ಬಿಸಿಲು, ಮಳೆಯಲ್ಲಿ ನಿಂತ ಮರವನ್ನು ತೊಳೆದ ಮೇಲೆ ಒಳಗಿನ ತೇವ ಆರುವವರೆಗೆ ಕಾಯಬೇಕು.

ಬಳಿಯುವುದಕ್ಕೂ ಒಂದು ಕ್ರಮವಿದೆ. ಮೊದಲು ಇಡೀ ವಸ್ತುವಿಗೆ ಬಿಳಿ. ಅದು ಪೂರ್ತಿ ಒಣಗಿದ ಮೇಲೆ ಬಿಳಿಯಾಗಿ ಉಳಿಯಬೇಕಾದ ಪಟ್ಟೆಗಳಿಗೆ ಟೇಪು ಅಂಟಿಸಿ ನಡುವೆ ಕೆಂಪು ತುಂಬಬೇಕು. ಟೇಪಿನ ಅಂಚಿನ ಮೇಲೆ ಮೊದಲು ಅದೇ ಬಿಳಿಯನ್ನು ತೆಳ್ಳಗೆ ಎಳೆದರೆ ಸಣ್ಣ ಸಂದುಗಳು ಮುಚ್ಚಿ, ಕೆಂಪು ಒಳಗೆ ನುಸುಳುವುದಿಲ್ಲ. ಕೆಂಪು ಇನ್ನೂ ತುಸು ಹಸಿಯಿರುವಾಗಲೇ ಟೇಪು ಕಿತ್ತರೆ ಗೆರೆ ನೇರವಾಗಿ ನಿಲ್ಲುತ್ತದೆ. ಕೊನೆಗೆ ನೀಲಿ, ಅದರ ಮೇಲೆ ರಟ್ಟಿನ ಅಚ್ಚಿಟ್ಟು ಸ್ಪಂಜಿನಲ್ಲಿ ತಟ್ಟಿದ ನಕ್ಷತ್ರಗಳು. ಒಂದು ದಪ್ಪ ಕೋಟಿಗಿಂತ ಎರಡು ತೆಳು ಕೋಟು ಒಳ್ಳೆಯದು. ಹಳೆಯ ಕಾಲದ ನೋಟ ಬೇಕೆನ್ನುವವರು ಒಣಗಿದ ಬಣ್ಣವನ್ನು ಅಂಚುಗಳಲ್ಲಿ ಉಜ್ಜಿ ಮರದ ಮೈ ಕಾಣಿಸುತ್ತಾರೆ. ಬಿಸಿಲಿಗೆ ಬೇಗ ಮಂಕಾಗುವುದು ಕೆಂಪು. ಮೇಲೆ ಹೊರಾಂಗಣದ ವಾರ್ನಿಷ್ ಬೇಕೇ ಬೇಕು.

ಇದೇ ಕೆಲಸ ಕೆಲವೆಡೆ ಅಂಗಳ ದಾಟಿ ದೊಡ್ಡದಾಗಿದೆ. ಒಹಾಯೋ ರಾಜ್ಯಕ್ಕೆ 2003ರಲ್ಲಿ ಇನ್ನೂರು ತುಂಬುವುದಕ್ಕೆ ಮುನ್ನ, ಅಲ್ಲಿನ 88 ಕೌಂಟಿಗಳಲ್ಲೂ ಒಂದೊಂದು ಹಳೆಯ ಕಣಜದ ಗೋಡೆಯ ಮೇಲೆ ಕಲಾವಿದ ಸ್ಕಾಟ್ ಹೇಗನ್ ಉತ್ಸವದ ಲಾಂಛನ ಬರೆದರು. ಅಯೋವಾದ ಅಡೇರ್ ಕೌಂಟಿಯಲ್ಲಿ ಹುಡುಗರು ಗೀಚುತ್ತಿದ್ದ ಹೆದ್ದಾರಿ ಪಕ್ಕದ ಹೆಬ್ಬಂಡೆಯ ಮೇಲೆ 1999ರಿಂದ ಪ್ರತಿವರ್ಷ ಮೆಮೋರಿಯಲ್ ಡೇಗೆ ರೇ ಸೊರೆನ್ಸನ್ ಯೋಧರ ಹೊಸ ಚಿತ್ರ ಬರೆಯುತ್ತಾರೆ. ಬಂಡೆಯ ಮೇಲಿನ ಹೆಲಿಕಾಪ್ಟರ್ ಚಿತ್ರದ ಹಸಿರು ಬಣ್ಣಕ್ಕೆ ವಿಯೆಟ್ನಾಂ ಯುದ್ಧದ ಯೋಧರ ಚಿತಾಭಸ್ಮ ಬೆರೆಸಲಾಗಿದೆ. ಆ ಭಾಗವನ್ನು ಮಾತ್ರ ಅಳಿಸುವುದಿಲ್ಲ.

ಸಾರ್ವಜನಿಕ ವಸ್ತುಗಳಿಗೆ ಮನಬಂದಂತೆ ಬಣ್ಣ ಹಚ್ಚುವಂತಿಲ್ಲ. ಅಗ್ನಿಶಾಮಕ ನಲ್ಲಿಯ ಮುಚ್ಚಳದ ಬಣ್ಣ ಎಷ್ಟೋ ಊರುಗಳಲ್ಲಿ ನೀರಿನ ಹರಿವಿನ ಪ್ರಮಾಣದ ಗುರುತು: ತಿಳಿನೀಲಿ ಎಂದರೆ ಅತಿ ಹೆಚ್ಚು, ಕೆಂಪು ಎಂದರೆ ಅತಿ ಕಡಿಮೆ. ನಗರಾಡಳಿತದ ಒಪ್ಪಿಗೆಯಿಲ್ಲದೆ ಅದನ್ನು ಮುಟ್ಟಬಾರದು. ಮನೆಯ ಅಂಚೆಪೆಟ್ಟಿಗೆಯನ್ನು ಸಿಂಗರಿಸಬಹುದಾದರೂ, ಕಾಗದ ಒಯ್ಯಿರಿ ಎಂದು ಸೂಚಿಸುವ ಅದರ ಕೈಗೆ ನೀಲಿ, ಬಿಳಿ ಬಳಿಯುವಂತಿಲ್ಲ.

ಅಲ್ಲಿನ ಧ್ವಜ ಸಂಹಿತೆಯೂ ಅಲಂಕಾರಕ್ಕೆ ಧ್ವಜವನ್ನೇ ಬಳಸದೆ ಮೂರು ಬಣ್ಣದ ಬಟ್ಟೆಯ ತೋರಣ ಬಳಸಿ, ನೀಲಿ ಮೇಲಿರಲಿ ಎನ್ನುತ್ತದೆ. ಆದರೆ ಅದು ಸಲಹೆ ಮಾತ್ರ. ಧ್ವಜದ ಅಪಮಾನಕ್ಕೆ ಶಿಕ್ಷೆ ವಿಧಿಸುವ ಕಾನೂನನ್ನು ಅಮೆರಿಕದ ಸುಪ್ರೀಂ ಕೋರ್ಟ್ 1990ರಲ್ಲಿ ತಳ್ಳಿಹಾಕಿತು. ಭಾರತದಲ್ಲಿ ಹಾಗಿಲ್ಲ. ರಾಷ್ಟ್ರೀಯ ಗೌರವಕ್ಕೆ ಅಪಮಾನ ತಡೆ ಕಾಯ್ದೆ, 1971ರ ಪ್ರಕಾರ ಧ್ವಜದ ಚಿತ್ರವೂ ಧ್ವಜವೇ. ಅಪಮಾನಕ್ಕೆ ಮೂರು ವರ್ಷದವರೆಗೆ ಸೆರೆವಾಸವಿದೆ. ಅಮೆರಿಕದ ಅಂಗಳದ ಈ ಕಲೆಯನ್ನು ಆಗಸ್ಟ್ 15ಕ್ಕೆ ಇಲ್ಲಿ ಪ್ರಯೋಗಿಸಬಯಸುವವರು ಹಳೆಯ ಟೈರು, ಬಕೆಟ್ಟುಗಳ ಮೇಲೆ ತ್ರಿವರ್ಣ ಧ್ವಜವನ್ನು ಬರೆಯದಿರುವುದೇ ಸರಿ.