ಜೀವದ ನೂಲೂ ನ್ಯಾಯದ ತಕ್ಕಡಿಯೂ

ಆಪಾದಿತನು ತನ್ನ ಬಾಯಿಂದಲೇ ತಪ್ಪೊಪ್ಪಿಕೊಂಡ ಬಳಿಕ ಬೇರೆ ಸಾಕ್ಷ್ಯವೇತಕ್ಕೆಂದು ಕೇಳುವವರು ನಮ್ಮಲ್ಲಿ ಹಲವರುಂಟು. ಅಂಥವರು ಇಂಗ್ಲೆಂಡಿನ ಲೆಸ್ಟರ್‌ಷೈರ್ ಸೀಮೆಯ ವೃತ್ತಾಂತವೊಂದನ್ನು ಮನಸ್ಸಿಗೆ ತಂದುಕೊಳ್ಳಬೇಕು. ಅಲ್ಲಿ 1983ರಲ್ಲಿ ಒಬ್ಬಳು, 1986ರಲ್ಲಿ ಮತ್ತೊಬ್ಬಳು ಬಾಲಿಕೆಯ ಕೊಲೆಯಾಯಿತು. ಹದಿನೇಳು ವಯಸ್ಸಿನ ತರುಣನೊಬ್ಬನು ಎರಡನೆಯ ಕೊಲೆಯನ್ನು ಪೊಲೀಸರೆದುರು ಒಪ್ಪಿಕೊಂಡನು. ಆದರೆ ಲೆಸ್ಟರ್ ವಿಶ್ವವಿದ್ಯಾನಿಲಯದ ಅಲೆಕ್ ಜೆಫ್ರೀಸ್ ಎಂಬ ವಿದ್ವಾಂಸರು ಪರೀಕ್ಷಿಸಲಾಗಿ, ಎರಡು ಕೃತ್ಯಗಳೂ ಒಬ್ಬನವೇ ಎಂದೂ ಆ ಒಬ್ಬನು ಈ ತರುಣನಲ್ಲವೆಂದೂ ಸಿದ್ಧವಾಯಿತು. ತರುಣನು ಬಿಡುಗಡೆ ಹೊಂದಿದನು. ನಿಜವಾದ ಅಪರಾಧಿಗೆ 1988ರಲ್ಲಿ ಜೀವಾವಧಿ ಶಿಕ್ಷೆಯಾಯಿತು.

ಈ ಪರೀಕ್ಷೆಯ ಮರ್ಮವೇನು? ಡಿಎನ್‌ಎ ಎಂಬುದು ನಾಲ್ಕೇ ಅಕ್ಷರಗಳಲ್ಲಿ ಬರೆದ ಜೀವದ ನೂಲು. ಅದನ್ನು ಕತ್ತರಿಸುವ ಉಪಾಯವನ್ನು ಮನುಷ್ಯನು ಬ್ಯಾಕ್ಟೀರಿಯಾಗಳಿಂದ ಕಲಿತನು. ತಮ್ಮ ಮೇಲೆ ಬೀಳುವ ವೈರಸ್ಸುಗಳ ಡಿಎನ್‌ಎಯನ್ನು ಅವು ಕಿಣ್ವಗಳಿಂದ ತುಂಡರಿಸುತ್ತವೆ. ತಮ್ಮದಕ್ಕೆ ಗುರುತಿಟ್ಟು ಉಳಿಸಿಕೊಳ್ಳುತ್ತವೆ. ಒಂದೊಂದು ಕಿಣ್ವವೂ ತನಗೆ ಗೊತ್ತಾದ ಅಕ್ಷರಸಾಲು ಕಂಡಲ್ಲಿ ಕಡಿಯುತ್ತದೆ. ಈ ಕಿಣ್ವಗಳನ್ನು ಶೋಧಿಸಿ ಉಪಯೋಗಕ್ಕೆ ತಂದ ವರ್ನರ್ ಆರ್ಬರ್, ಹ್ಯಾಮಿಲ್ಟನ್ ಸ್ಮಿತ್, ಡೇನಿಯಲ್ ನೇಥನ್ಸ್ ಎಂಬ ಮೂವರಿಗೆ 1978ರಲ್ಲಿ ನೊಬೆಲ್ ಪಾರಿತೋಷಕವು ದೊರೆಯಿತು.

ಇನ್ನು ತುಂಡುಗಳನ್ನು ಬೇರ್ಪಡಿಸುವ ಬಗೆ. ಕಡಲಪಾಚಿಯಿಂದ ತೆಗೆದ ಅಗರೋಸನ್ನು ನೀರಿನಲ್ಲಿ ಕಾಯಿಸಿ ಆರಿಸಿದರೆ ಮೆತ್ತನೆಯ ಹಲ್ಲೆಯಾಗುತ್ತದೆ. ಅದರ ಒಂದಂಚಿನ ಕುಳಿಗಳಲ್ಲಿ ತುಂಡುಗಳನ್ನು ತುಂಬಿ ವಿದ್ಯುತ್ತನ್ನು ಹರಿಸಿದರೆ, ಋಣವಿದ್ಯುತ್ತುಳ್ಳ ಡಿಎನ್‌ಎ ಧನಧ್ರುವದೆಡೆಗೆ ಸಾಗುತ್ತದೆ. ಸಂತೆಯ ಜಂಗುಳಿಯಲ್ಲಿ ಬಾಲಕನು ನುಸುಳಿ ಮುಂದಾಗಿ ಹೊರೆ ಹೊತ್ತವನು ಹಿಂದುಳಿಯುವಂತೆ, ಚಿಕ್ಕ ತುಂಡುಗಳು ಮುಂದೆ, ದೊಡ್ಡವು ಹಿಂದೆ. ಕೆಲವು ಭಾಗಗಳ ಉದ್ದವು ವ್ಯಕ್ತಿಯಿಂದ ವ್ಯಕ್ತಿಗೆ ಭಿನ್ನವಾದುದರಿಂದ ಪಟ್ಟೆಗಳ ವಿನ್ಯಾಸವೂ ಭಿನ್ನ. ಈಗ ಕಿಣ್ವದ ಕತ್ತರಿಗೆ ಬದಲಾಗಿ, ಗೊತ್ತಾದ ಭಾಗಗಳನ್ನು ಪ್ರತಿಮಾಡಿ ಹೆಚ್ಚಿಸುವ ವಿಧಾನವೇ ನ್ಯಾಯಪರೀಕ್ಷೆಯಲ್ಲಿ ರೂಢಿಯಾಗಿದೆ. ಉದ್ದವನ್ನನುಸರಿಸಿ ಬೇರ್ಪಡಿಸುವ ತತ್ತ್ವವು ಮಾತ್ರ ಅದೇ.

ನಮ್ಮ ದೇಶದಲ್ಲಿ ಹೈದರಾಬಾದಿನ ಸಿಸಿಎಂಬಿ ಸಂಸ್ಥೆಯ ಲಾಲ್‌ಜಿ ಸಿಂಗರು ಈ ವಿದ್ಯೆಯನ್ನು ನೆಲೆಗೊಳಿಸಿದರು. ವಿದ್ಯೆಯೇನೋ ಬಂದಿತು, ಅದಕ್ಕೆ ತಕ್ಕ ಶಿಸ್ತು ಬಂದಿದೆಯೆ? ಯಂತ್ರವು ತನ್ನ ಮುಂದಿಟ್ಟುದನ್ನು ಕುರಿತು ಮಾತ್ರ ಹೇಳಬಲ್ಲುದು. ರಕ್ತದ ಕಲೆಯನ್ನು ಬರಿಗೈಯಿಂದ ಮುಟ್ಟಿ, ಮೊಹರಿಲ್ಲದೆ, ಯಾರ ಕೈಯಿಂದ ಯಾರ ಕೈಗೆ ಹೋಯಿತೆಂಬ ಲೆಕ್ಕವಿಲ್ಲದೆ ಕಳುಹಿಸಿದರೆ, ವಿದ್ವಾಂಸನ ಶ್ರಮವೆಲ್ಲ ಹೊಳೆಯಲ್ಲಿ ಹುಣಿಸೆಹಣ್ಣು ತೊಳೆದಂತಾಗುವುದು. ಆದುದರಿಂದ ಠಾಣೆಯ ಅಧಿಕಾರಿಯಿಂದ ಮೊದಲ್ಗೊಂಡು ಪ್ರಯೋಗಶಾಲೆಯ ಗುಮಾಸ್ತನವರೆಗೆ ಪ್ರತಿಯೊಬ್ಬರೂ ಒಂದು ಮಾತನ್ನು ನೆನಪಿನಲ್ಲಿಡಬೇಕೆಂದು ನಾವು ಬಿನ್ನವಿಸುತ್ತೇವೆ: ಅವರ ಕೈಯಲ್ಲಿರುವ ಆ ಸಣ್ಣ ಪೊಟ್ಟಣದಲ್ಲಿ ಒಬ್ಬ ನಿರಪರಾಧಿಯ ಬಾಳು ಇದ್ದೀತು.